ಲಗೇಜ್ ಹೇರಿದ ಸೈಕಲ್ಲಿಗೆ ಎಷ್ಟ್ ಹವಾ ಹಾಕಬೇಕು? ಮೊದಲ ಗಾಲಿ ತೂಕ ಮಾಡ್ರಿ

ನಮ್ಮ ಬಾಗಲಕೋಟಿ, ವಿಜಯಪುರ ಕಡೆ ಸೈಕಲ್ ಅಂದ್ರ ಮಂದಿಗೆ ಮೊದಲ ನೆನಪಾಗೋದು ರೇಸ್. ಮುಂಜಾನೆ ಹೈವೇ ಮ್ಯಾಲೆ ಹುಡುಗ್ರು ಸಾಲು ಹಿಡಿದು ಪ್ರ್ಯಾಕ್ಟೀಸ್ ಮಾಡೋದನ್ನ ನೋಡಕೋತ ಬೆಳದವ್ರು ನಾವು, ಅವರ ಟಯರ್ 23 ಇಲ್ಲಾ 25 ಎಂಎಂ ಅಗಲ ಇರ್ತಾವ, ಅದಕ್ಕ 100 ಪಿಎಸ್‌ಐ (ಹವಾದ ಒತ್ತಡ ಅಳಿಯೋ ಲೆಕ್ಕ) ಮ್ಯಾಲೆ ಹವಾ ಹೊಡದಿರ್ತಾರ, ಹಿಂಗಾಗಿ ಟೂರಿಂಗ್ ಹೊಂಟವ್ರಿಗೂ ಎಲ್ಲಾರೂ ಹೇಳೋದು ಅದ ಮಾತು, "ಕಲ್ಲ ಆಗೂಮಟ ಹೊಡಿ, ಲಗೇಜ್ ಬ್ಯಾರೆ ಐತಿ." ಪ್ಯಾನಿಯರ್ ಬ್ಯಾಗ್, ಅಂದ್ರ ಗಾಲಿ ಎರಡೂ ಬಾಜೂಕ ಜೋತು ಬಿಡೋ ಬ್ಯಾಗ್, ಕಟ್ಟಿ ಎಂಟು ಹತ್ತು ದಿನ ಹೊಂಟವ್ರು ಈ ಮಾತು ಕೇಳಿದ್ರ ಕೈ ಜೋಮು ಹಿಡಿತಾವ, ಕ್ಯಾರಿಯರ್ ಬೋಲ್ಟ್ ಸಡ್ಲ ಆಗ್ತಾವ, ಹಿಂದಿನ ಗಾಲಿ ಸ್ಪೋಕ್ ಹರೀತಾವ, ಆಮ್ಯಾಲೆ ಸೈಕಲ್ ಸರಿ ಇಲ್ಲ ಅಂತಾರ. ಸೈಕಲ್ ಬರೋಬ್ಬರಿ ಇರತೈತಿ, ಹವಾ ಜಾಸ್ತಿ ಆಗಿರತೈತಿ.

ಇನ್ನೊಂದಿಷ್ಟು ಮಂದಿ ಟಯರ್ ಬದಿಗೆ ಬರದದ್ದನ್ನ ಓದಿ ಅಷ್ಟ ಹೊಡಿತಾರ. ಅಲ್ಲಿ 50–85 ಅಂತೋ, ಬರೇ ಮ್ಯಾಕ್ಸ್ 85 ಅಂತೋ ಇರತೈತಿ. ಆ 85 ಇದಕಿಂತ ಮ್ಯಾಲೆ ಹೋಗಬ್ಯಾಡ ಅನ್ನೋ ಗಡಿ ಅಷ್ಟ. ಟಯರ್ ಮಾಡಿದವ್ರಿಗೆ ನಿಮ್ಮ ತೂಕ ಎಷ್ಟು, ಬ್ಯಾಗ್ ಎಷ್ಟು, ಅದನ್ನ ಹಿಂದ ಕಟ್ಟೀರೋ ಮುಂದ ಕಟ್ಟೀರೋ ಏನ್ ಗೊತ್ತಿರತೈತಿ? ಅದಕ್ಕ ನಾ ಹೇಳೋದು ಒಂದ ಮಾತು, ಪಂಪ್ ಹಿಡಿಯೂ ಮೊದಲ ಒಂದೊಂದ ಗಾಲಿ ಮ್ಯಾಲೆ ಎಷ್ಟ್ ಕಿಲೋ ಬೀಳತೈತಿ ಅನ್ನೋದನ್ನ ತಿಳ್ಕೊಳ್ರಿ. ಹಿಂದಿನ ಗಾಲಿಗೆ ಅದರದ ಲೆಕ್ಕ, ಮುಂದಿನದಕ್ಕ ಅದರದ. ಎರಡಕ್ಕೂ ಒಂದ ನಂಬರ್ ಹಾಕೋದು ಪೂರಾ ತಪ್ಪು.

ತೂಕ ಮಾಡೋದ್ ಹೆಂಗ ಅಂದ್ರ, ಮನ್ಯಾಗ ಮನಿಷಾರು ನಿಂತು ನೋಡೋ ವೇಟ್ ಮಷಿನ್ ಇದ್ರ ಅದ ಸಾಕು, ಇಲ್ಲಂದ್ರ ಕಿರಾಣಿ ಅಂಗಡ್ಯಾಗೋ ಎಪಿಎಂಸಿ ಒಳಗೋ ಚೀಲ ತೂಗೋ ಪ್ಲಾಟ್‌ಫಾರ್ಮ್ ಕಾಟಾ ಇರತೈತಲ್ಲ, ಅದು ಇನ್ನೂ ಚೊಲೋ. ಸೈಕಲ್ಲಿಗೆ ಪೂರಾ ಲಗೇಜ್ ಕಟ್ರಿ, ಟೂರಿಗೆ ಹೆಂಗ ಕಟ್ಟತೀರೋ ಹಂಗ, ನೀರಿನ ಬಾಟ್ಲಿ ತುಂಬಿಸೇ ಇಡ್ರಿ, ಯಾಕಂದ್ರ ನಮ್ಮ ಕಡೆ ಬ್ಯಾಸಗ್ಯಾಗ ಹೊಂಟ್ರ ಐದು ಲೀಟರ್ ನೀರು ಬೇಕ ಬೇಕು ಮತ್ತ ಅದ ಐದು ಕಿಲೋ ಆಗತೈತಿ. ಹಿಂದಿನ ಗಾಲಿ ಕಾಟಾದ ಮ್ಯಾಲೆ ಇಡ್ರಿ, ಮುಂದಿನ ಗಾಲಿ ಕೆಳಗ ಕಾಟಾದಷ್ಟ ಎತ್ತರದ ಇಟ್ಟಂಗಿನೋ ಹಲಗಿನೋ ಇಡ್ರಿ, ಇಲ್ಲಂದ್ರ ಸೈಕಲ್ ಮುಂದಕ್ಕ ಬಾಗಿ ತೂಕ ಸರಿ ಬರಂಗಿಲ್ಲ. ಸೀಟಿನ ಮ್ಯಾಲೆ ಕುಂತು, ಹ್ಯಾಂಡಲ್ ಮ್ಯಾಲೆ ಕೈ ಇಟ್ಟು, ಎರಡೂ ಕಾಲು ಪೆಡಲ್ ಮ್ಯಾಲೆ ಇಡ್ರಿ. ಸೈಕಲ್ ಬೀಳದಂಗ ಒಬ್ರು ಹಿಡೀಬೇಕು, ಆದ್ರ ಬಾಜೂಕ ಬೆರಳ ಆಸರ ಅಷ್ಟ ಕೊಡಬೇಕು, ಅವರು ಸೀಟು ಒತ್ತಿ ಹಿಡದ್ರ ಅವರ ಕೈ ಭಾರನೂ ಕಾಟಾದಾಗ ಬರತೈತಿ. ಹಿಂದಿಂದು ಬರ್ಕೊಂಡು ಸೈಕಲ್ ತಿರುವಿ ಮುಂದಿಂದೂ ಹಂಗ ಮಾಡ್ರಿ. ಎರಡೂ ಕೂಡಿಸಿದ್ರ ನೀವು, ಸೈಕಲ್, ಲಗೇಜ್ ಎಲ್ಲಾ ಸೇರಿದ ಒಟ್ಟು ತೂಕದ ಹತ್ರ ಹತ್ರ ಬರಬೇಕು, ನಾಲ್ಕೈದು ಕಿಲೋ ಫರಕ್ ಬಂತಂದ್ರ ಯಾರೋ ಒತ್ತ್ಯಾರ ಅಂತ ಲೆಕ್ಕ, ಮತ್ತೊಮ್ಮೆ ಮಾಡ್ರಿ.

ಒಂದು ಲೆಕ್ಕ ಹಿಡಿಯೂಣು. ನೀವು 68 ಕಿಲೋ, ಸೈಕಲ್ 15, ಬ್ಯಾಗ್ 22, ನೀರು 5, ಒಟ್ಟು 110 ಕಿಲೋ. ಬ್ಯಾಗ್ ಎಲ್ಲಾ ಹಿಂದಿನ ಕ್ಯಾರಿಯರ್ ಮ್ಯಾಲೆನ ಇದ್ರ ಹಿಂದಿನ ಗಾಲಿಗೆ 70, ಮುಂದಿನದಕ್ಕ 40 ಹಿಂಗ ಬೀಳತೈತಿ. ಈಗ ಈ 70 ಮತ್ತ 40ಕ್ಕ ಎಷ್ಟು ಹವಾ ಅನ್ನೋದು ಟಯರ್ ಎಷ್ಟು ಅಗಲ ಐತಿ ಅನ್ನೋದರ ಮ್ಯಾಲೆ. 37 ಎಂಎಂ ಟಯರ್ ಇದ್ರ ಹಿಂದ 70 ಪಿಎಸ್‌ಐ ಆಸುಪಾಸು, ಮುಂದ 40. 42 ಎಂಎಂ ಇದ್ರ ಹಿಂದ 55ರಿಂದ 60, ಮುಂದ 30–35. 47 ಎಂಎಂ ಇದ್ರ ಹಿಂದ 45–50 ಸಾಕು, ಮುಂದ 25–30. 32 ಎಂಎಂ ಒಳಗ ಇಷ್ಟ ಲಗೇಜ್ ಹೇರಿದ್ರ ಹಿಂದ 90ರ ಹತ್ರ ಹೋಗಬೇಕಾಗತೈತಿ, ನನ್ನ ಕೇಳಿದ್ರ ಅಷ್ಟು ಸಣ್ಣ ಟಯರ್ ಮ್ಯಾಲೆ 110 ಕಿಲೋ ಹೇರಿ ನಮ್ಮ ರೋಡಿಗೆ ಹೋಗೋದ ಬ್ಯಾಡ, ಫ್ರೇಮ್ ಒಳಗ ಜಾಗ ಇದ್ರ ಟಯರ್ ಅಗಲ ಮಾಡ್ರಿ, ಅದಕಿಂತ ಚೊಲೋ ಖರ್ಚು ಸೈಕಲ್ಲಿನ ಮ್ಯಾಲೆ ಇನ್ನೊಂದಿಲ್ಲ. ಈ ಎಲ್ಲಾ ನಂಬರ್ ಶುರು ಮಾಡಾಕ, ಇಲ್ಲಿಂದ ಐದು ಪಿಎಸ್‌ಐ ಆಕಡೆ ಈಕಡೆ ನಿಮ್ಮ ರೋಡು, ನಿಮ್ಮ ಟಯರ್ ನೋಡಿ ಮಾಡ್ಕೋಬೇಕು. ಟಯರ್ ಮ್ಯಾಲೆ ಕಮ್ಮಿ ಅಂದ್ರ ಇಷ್ಟು ಅಂತ ಬರದಿದ್ರ, ನಿಮ್ಮ ಲೆಕ್ಕ ಅದಕಿಂತ ಕೆಳಗ ಬಂದ್ರೂ ಅದನ್ನ ಹಾಕ್ರಿ. ಮತ್ತ ಟಯರ್ ಮ್ಯಾಲೆ 37-622 (ಮೊದಲಿಂದು ಟಯರ್ ಅಗಲ, ಎರಡನೇದು ರಿಮ್ಮಿನ ಅಳತಿ, ಎರಡೂ ಎಂಎಂ ಒಳಗ) ಅಂತ ಬರದಿದ್ರೂ ರಿಮ್ಮಿಗೆ ಹಾಕಿ ಹವಾ ತುಂಬಿದ ಮ್ಯಾಲೆ ಅದು 35 ಆಗಿರಬಹುದು, 38ನೂ ಆಗಿರಬಹುದು, ರಿಮ್ ಎಷ್ಟು ಅಗಲ ಅನ್ನೋದರ ಮ್ಯಾಲೆ ಐತಿ, ವರ್ನಿಯರ್ ಕ್ಯಾಲಿಪರ್ ಸಿಕ್ರ ಅಳದ ನೋಡ್ರಿ.

ಈ ನಂಬರ್ ಹಿಂದ ಒಂದು ನಿಯಮ ಐತಿ. ಫ್ರಾಂಕ್ ಬರ್ಟೋ ಅಂತ ಅಮೆರಿಕಾದ ಒಬ್ರು ಎಂಜಿನಿಯರ್, ಸೈಕಲ್ ಬಗ್ಗೆ ಭಾಳ ಬರದವ್ರು, ಬ್ಯಾರೆ ಬ್ಯಾರೆ ಅಗಲದ ಟಯರ್ ಮ್ಯಾಲೆ ಭಾರ ಹಾಕಿ ಎಷ್ಟೆಷ್ಟು ಕುಗ್ಗತೈತಿ ಅಂತ ಅಳದು ಚಾರ್ಟ್ ಮಾಡಿದ್ರು. ಅದರ ಪ್ರಕಾರ ಟಯರ್ ತನ್ನ ಎತ್ತರದಾಗ 15 ಪರ್ಸೆಂಟ್ ಕುಗ್ಗೂವಷ್ಟು ಹವಾ ಇದ್ರ ಅದು ಬರೋಬ್ಬರಿ. ಇದು ಯಾಕ ಚೊಲೋ ಅಂದ್ರ ಇದನ್ನ ನೀವು ಮನ್ಯಾಗ, ಗೇಜ್ ಮ್ಯಾಲೆ ನಂಬಿಕಿ ಇಲ್ಲದಿದ್ರೂ, ಬರೇ ಸ್ಕೇಲ್ ಇಟ್ಗೊಂಡು ನೋಡಬಹುದು. ಸೈಕಲ್ ಗ್ವಾಡಿಗೆ ಬಾಜೂಕ ಆನಿಸಿ ನಿಲ್ಲಸ್ರಿ, ಬ್ಯಾಗ್ ಬಿಚ್ಚಿ ಇಡ್ರಿ, ವಾಲ್ವ್ ಒಂದು ಬಾಜೂಕ ಬರೋ ಹಂಗ ಗಾಲಿ ತಿರುವಿ, ನೆಲಕ್ಕ ಹತ್ತಿದ ಜಾಗದಾಗ ರಿಮ್ಮಿನ ಕೆಳಗಿನ ಅಂಚಿಂದ ನೆಲದ ತನಕ ಎಷ್ಟು ಎಂಎಂ ಐತಿ ಅಂತ ಬರಕೊಳ್ರಿ. ಆಮ್ಯಾಲೆ ಬ್ಯಾಗ್ ಕಟ್ಟಿ, ನೀವು ಏರಿ ಕುಂತು, ಇನ್ನೊಬ್ರಿಗೆ ಅದ ಜಾಗ ಅಳೀರಿ ಅನ್ರಿ. 37 ಟಯರಿಗೆ ಐದೂವರಿ ಎಂಎಂ ಕುಗ್ಗಬೇಕು, 42ಕ್ಕ ಆರಕಿಂತ ಸ್ವಲ್ಪ ಜಾಸ್ತಿ, 47ಕ್ಕ ಏಳು. ಎರಡೇ ಎಂಎಂ ಕುಗ್ಗಿದ್ರ ಹವಾ ಭಾಳ ಐತಿ. ಹತ್ತು ಎಂಎಂ ಕುಗ್ಗಿದ್ರ ರೋಡಿಗೆ ಹೋಗಬ್ಯಾಡ್ರಿ. ಬರೇ ಸೈಕಲ್ ನಿಂತಾಗನೂ ಟಯರ್ ಒಂಚೂರು ಕುಗ್ಗಿರತೈತಿ, ಅದಕ್ಕ ನಿಮ್ಮ ಲೆಕ್ಕ ಅರ್ಧ ಎಂಎಂ ಕಮ್ಮಿ ಬರತೈತಿ, ಅದೇನ್ ದೊಡ್ಡದಲ್ಲ.

ಟಯರ್ ಕುಗ್ಗಬೇಕು ಅಂದ್ರ ಕೆಲವ್ರಿಗೆ ಮನಸ್ಸ ಒಪ್ಪಂಗಿಲ್ಲ, ಮೆತ್ತಗಾದ್ರ ಸೈಕಲ್ ಜಗ್ಗತೈತಿ, ಸ್ಪೀಡ್ ಹೋಗತೈತಿ ಅಂತಾರ. ಗಾಜಿನಂಥ ನುಣ್ಣನ ಟ್ರ್ಯಾಕ್ ಮ್ಯಾಲೆ ಅದು ಖರೆ. ಆದ್ರ ಬೀಳಗಿ ಇಲ್ಲಾ ಮುಧೋಳದ ಕಡೆ ಕಬ್ಬಿನ ಟ್ರ್ಯಾಕ್ಟರ್ ಎರಡೆರಡು ಟ್ರಾಲಿ ಎಳಕೊಂಡು ಹೋಗಿ ಹೋಗಿ ಮುರದ ರೋಡಿನಾಗ ಕಲ್ಲಿನಂಥ ಟಯರ್ ಪ್ರತಿ ಹಳ್ಳಕ್ಕೂ ಸೈಕಲ್ಲನ್ನ, ನಿಮ್ಮನ್ನ, 22 ಕಿಲೋ ಬ್ಯಾಗನ್ನ ಮ್ಯಾಲೆ ಎತ್ತಿ ಎತ್ತಿ ಒಗಿತೈತಿ, ಹಂಗ ಎತ್ತಾಕ ಬೇಕಾದ ಶಕ್ತಿ ನಿಮ್ಮ ಕಾಲಿಂದನ ಹೋಗತೈತಿ. ಹದವಾಗಿ ಹವಾ ಇದ್ದ ಟಯರ್ ಆ ಹಳ್ಳನ ತಾನ ನುಂಗಿ ಮುಂದ ಹೋಗತೈತಿ, ಸಂಜಿಗೆ ಸೊಂಟ ಹೇಳತೈತಿ ಫರಕ್.

ಪಿಎಸ್‌ಐ ಕಮ್ಮಿ ಮಾಡಾಕ ಇನ್ನೊಂದು ದಾರಿ ಐತಿ, ಇದನ್ನ ಭಾಳ ಮಂದಿ ವಿಚಾರನ ಮಾಡಂಗಿಲ್ಲ. ಹಿಂದಿನ ಲಗೇಜ್ ಸ್ವಲ್ಪ ಮುಂದ ತರ್ರಿ. ಅದ 110 ಕಿಲೋ, ಮುಂದ ಫೋರ್ಕಿಗೆ ಎರಡು ಸಣ್ಣ ಬ್ಯಾಗ್ ಹಾಕಿ, ಹಿಂದ 60 ಮುಂದ 50 ಆಗೂ ಹಂಗ ಮಾಡಿದ್ರ 37 ಟಯರಿಗೆ ಹಿಂದ 60 ಪಿಎಸ್‌ಐ, ಮುಂದ 50 ಸಾಕಾಗತೈತಿ. ಹಿಂದ ಹತ್ತು ಕಿಲೋ ತಗದದ್ದಕ್ಕ ಹತ್ತು ಪಿಎಸ್‌ಐ ಇಳೀತು ನೋಡ್ರಿ. ಸ್ಪೋಕ್ ಹರಿಯೋದು ಹೆಚ್ಚಾಗಿ ಹಿಂದಿನ ಗಾಲ್ಯಾಗ, ಪಂಕ್ಚರ್ ಆಗೋದೂ ಹೆಚ್ಚಾಗಿ ಹಿಂದ, ಎರಡಕ್ಕೂ ಇದು ಔಷಧ. ಭಾರ ಇರೋ ಸಾಮಾನು, ಅಂದ್ರ ಟೂಲ್, ಸ್ಟವ್, ಶೇಂಗಾ ಹಿಂಡಿ ಡಬ್ಬಿ, ಇವನ್ನ ಮುಂದಿನ ಬ್ಯಾಗಿನ ತಳಕ್ಕ ಇಡ್ರಿ, ಅರಬಿ ಅಂಚಡಿ ಹಿಂದ ಇರಲಿ.

ಈಗ ಗೇಜ್ ವಿಷಯ. ಬೆರಳಿಲೆ ಒತ್ತಿ ನೋಡೋದನ್ನ ಬಿಟ್ಟುಬಿಡ್ರಿ. ಪಂಕ್ಚರ್ ತಡೆಯೋ ದಪ್ಪ ಪಟ್ಟಿ ಇರೋ ಟಯರ್ ಇರ್ತಾವಲ್ಲ, ಮ್ಯಾರಥಾನ್ ಪ್ಲಸ್ ಅಂಥವು, ಅದರಾಗ 5 ಎಂಎಂ ರಬ್ಬರ್ ಪಟ್ಟಿ ಇರತೈತಿ, ಅದು 45ಕ್ಕೂ ಗಟ್ಟಿ, 80ಕ್ಕೂ ಗಟ್ಟಿ, ಹೆಬ್ಬೆರಳಿಗೆ ಏನೂ ತಿಳಿಯಂಗಿಲ್ಲ. ಸೈಕಲ್ ಅಂಗಡಿಯಾಗ ನಿಂತು ಹಾಕೋ ಫ್ಲೋರ್ ಪಂಪ್ ಗೇಜ್ ಇದ್ದಿದ್ದು ಒಂದು ತಗೊಳ್ರಿ, ಅದರ ಮುಳ್ಳು ಐದು ಪಿಎಸ್‌ಐ ತಪ್ಪು ತೋರಿಸಿದ್ರೂ ನಡೀತೈತಿ, ಯಾವಾಗ್ಲೂ ಅದ ಪಂಪಿಲೆ ನೋಡಿದ್ರ ಆತು, ನಿಮ್ಮ ಅಳತಿ ನಿಮಗ ಸಿಗತೈತಿ. ಟೂರಿನಾಗ ಆ ದೊಡ್ಡ ಪಂಪ್ ಇರಂಗಿಲ್ಲ, ಸಣ್ಣ ಕೈ ಪಂಪ್ ಇರತೈತಿ. ಅದಕ್ಕ ಹೊಂಡೂ ಮೊದಲ ಮನ್ಯಾಗ ಒಂದು ಕೆಲಸ ಮಾಡ್ರಿ, ಹಿಂದಿನ ಟಯರ್ 50ಕ್ಕ ಇಳಿಸಿ, ಕೈ ಪಂಪ್ ಹಚ್ಚಿ 20 ಸಲ ಹೊಡೀರಿ, ಮತ್ತ ದೊಡ್ಡ ಪಂಪಿನ ಗೇಜ್ ಹಚ್ಚಿ ಎಷ್ಟಕ್ಕ ಏರಿತು ನೋಡ್ರಿ. ಅದನ್ನ ಪಂಪ್ ಮ್ಯಾಲೆನ ಮಾರ್ಕರ್‌ಲೆ ಬರದಿಡ್ರಿ. ಯಾವ್ದೋ ಹಳ್ಳಿ ಬಸ್‌ಸ್ಟ್ಯಾಂಡಿನಾಗ ನಿಂತು ಹವಾ ಹೊಡಿಯೂ ಮುಂದ ಅದ ನಿಮ್ಮ ಗೇಜ್.

ವಾಲ್ವ್ ಯಾವ್ದು ಅನ್ನೋದನ್ನೂ ನೋಡ್ಕೊಳ್ರಿ. ದಪ್ಪಂದು, ಮೋಟರ್‌ಸೈಕಲ್ಲಿಗೆ ಇರೋ ಅಂಥದ್ದು ಶ್ರೇಡರ್. ಸಣ್ಣಂದು, ತುದಿ ತಿರುವಿ ಸಡ್ಲ ಮಾಡೋದು ಪ್ರೆಸ್ಟಾ. ಹಳೆ ಮನಿ ಸೈಕಲ್ಲಿಗೆ ಇರೋದು ವಾಲ್ವ್ ಟ್ಯೂಬ್ ಹಾಕೋ ಮೂರನೇ ಥರದ್ದು, ಅದರಾಗ ಗೇಜ್ ಹಚ್ಚಿದ್ರ ಸರಿ ರೀಡಿಂಗ್ ಸಿಗಂಗಿಲ್ಲ, ಲಗೇಜ್ ಟೂರಿಗೆ ಅದು ಬ್ಯಾಡ. ಶ್ರೇಡರ್ ಇದ್ರ ಯಾವ ಪಂಕ್ಚರ್ ಅಂಗಡಿಯಾಗಾದ್ರೂ ಹವಾ ಸಿಗತೈತಿ, ಪ್ರೆಸ್ಟಾ ಇದ್ದವ್ರು ಒಂದು ಹಿತ್ತಾಳಿ ಅಡಾಪ್ಟರ್ ಇಟ್ಗೊಳ್ರಿ, ಹತ್ತು ಗ್ರಾಂ ಸೈತ ಇರಂಗಿಲ್ಲ, ಅದಿಲ್ಲಂದ್ರ ಅಂಗಡಿ ಕಂಪ್ರೆಸರ್ ಇದ್ದೂ ಇಲ್ಲದಂಗ. ಕಂಪ್ರೆಸರ್ ಹಚ್ಚಾಕ ಹತ್ತಿದ್ರ ಮಾತ್ರ ಹುಷಾರ್, ಲಾರಿ ಟಯರಿಗೆ ಹಚ್ಚೂ ಹಂಗ ಹಚ್ಚಿ ಹಿಡದ್ರ ಸೈಕಲ್ ಟ್ಯೂಬ್ ಕ್ಷಣದಾಗ ಹೋಗತೈತಿ, ಅದರಾಗ ಹಿಡಿಯೂ ಹವಾನ ಭಾಳ ಕಮ್ಮಿ. ಸ್ವಲ್ಪ ಒತ್ರಿ, ಬಿಡ್ರಿ, ನೋಡ್ರಿ, ಮತ್ತ ಒತ್ರಿ, ಇದನ್ನ ಅಂಗಡಿಯವ್ರ ಕೈಯಾಗ ಬಿಡದ ನೀವ ಮಾಡಿದ್ರ ಚೊಲೋ.

ನಮ್ಮ ಕಡೆ ಬಿಸಲಿನ ಮಾತು ಬಿಟ್ಟು ಹವಾದ ಮಾತು ಮುಗಿಯಂಗಿಲ್ಲ. ಏಪ್ರಿಲ್ ಮೇ ಒಳಗ ವಿಜಯಪುರದ ಕಡೆ 40 ಡಿಗ್ರಿ ದಾಟತೈತಿ, ಡಾಂಬರ್ ರೋಡು ಅದಕಿಂತ ಭಾಳ ಕಾಯತೈತಿ. ಮುಂಜಾನೆ 25 ಡಿಗ್ರಿ ಇದ್ದಾಗ 60 ಪಿಎಸ್‌ಐ ಹಾಕೀರಿ ಅನ್ರಿ, ಮಧ್ಯಾಹ್ನ ಟಯರ್ ಒಳಗಿನ ಹವಾ 55 ಡಿಗ್ರಿ ಆದ್ರ ಅದು 67ರ ಮ್ಯಾಲೆ ಹೋಗತೈತಿ, ಅಂದ್ರ ಏಳೂವರಿ ಪಿಎಸ್‌ಐ ತಾನ ಏರತೈತಿ. ನೀವು ಹಾಕಿದ್ದು ಗಡಿಗಿಂತ ಕೆಳಗ ಇದ್ರ ಇದರಿಂದ ಏನೂ ಆಗಂಗಿಲ್ಲ, 85ರ ಟಯರಿಗೆ ಮುಂಜಾನೆನ 85 ಹೊಡದವ್ರಿಗೆ ಚಿಂತಿ. ಮಧ್ಯಾಹ್ನ ಒತ್ತಿ ನೋಡಿ ಗಟ್ಟಿ ಆಗೇತಿ ಅಂತ ಹವಾ ಬಿಡಬ್ಯಾಡ್ರಿ, ಮರದಿನ ಮುಂಜಾನೆ ತಂಪಿನಾಗ ಅದು ಕಮ್ಮಿ ಬೀಳತೈತಿ, ಭಾರ ಸೈಕಲ್ ರಿಮ್ ಮ್ಯಾಲೆ ಕುಂತಂಗ ಹೊಂಡತೈತಿ. ಹವಾ ನೋಡೋದು ಯಾವಾಗ್ಲೂ ಮುಂಜಾನೆ, ನೆಳ್ಳಾಗ, ಗಾಲಿ ತಿರುಗೂ ಮೊದಲ. ಊಟಕ್ಕ ಖಾನಾವಳಿ ಮುಂದ ನಿಲ್ಲಿಸಿದ್ರ ಸೈಕಲ್ಲಿಗೂ ನೆಳ್ಳ ಹುಡುಕ್ರಿ, ಬಿಸಲಾಗ ಸುಮ್ಮನ ನಿಂತ ಕರೀ ಟಯರ್ ಭಾಳ ಕಾಯತೈತಿ.

ಮುಳ್ಳಿನ ಬಗ್ಗೆ ಒಂದು ತಪ್ಪು ತಿಳುವಳಿಕಿ ಐತಿ, ಹವಾ ಜಾಸ್ತಿ ಇದ್ರ ಮುಳ್ಳು ಚುಚ್ಚಂಗಿಲ್ಲ ಅಂತ. ಜಾಲಿ ಮುಳ್ಳು, ನೆಗ್ಗಿನ ಮುಳ್ಳು ಎಷ್ಟು ಪಿಎಸ್‌ಐ ಇದ್ರೂ ಚುಚ್ಚತಾವ, ಅದಕ್ಕ ಟಯರ್ ಒಳಗಿನ ಪಟ್ಟಿನ ಗತಿ, ಮತ್ತ ರೋಡಿನ ಅಂಚು ಬಿಟ್ಟು ಕೆಳಗ ಇಳಿಯದಂಗ ನೋಡ್ಕೊಳ್ಳೋದು. ಹವಾಕ್ಕ ಸಂಬಂಧ ಇರೋ ಪಂಕ್ಚರ್ ಬ್ಯಾರೆ. ಟ್ಯೂಬ್ ತಗದು ನೋಡಿದಾಗ ಬಾಜೂ ಬಾಜೂ ಎರಡು ಸೀಳು, ಹಾವು ಕಚ್ಚಿದಂಗ ಇದ್ರ, ಅದು ಹವಾ ಕಮ್ಮಿ ಆಗಿ ರಿಮ್ಮು ಕಲ್ಲು ನಡುವ ಟ್ಯೂಬ್ ಸಿಕ್ಕು ಆಗಿದ್ದು. ಅಂಥದ್ದು ಆದ್ರ ಆ ಗಾಲಿಗೆ ಐದು ಪಿಎಸ್‌ಐ ಏರಿಸ್ರಿ. ಒಂದ ತೂತು ಇದ್ರ ಹವಾ ಮುಟ್ಟಬ್ಯಾಡ್ರಿ, ಟಯರ್ ಒಳಗ ಕೈ ಆಡಿಸಿ ಮುಳ್ಳು ಹುಡುಕ್ರಿ, ತುದಿ ಅಲ್ಲೇ ಉಳದಿರತೈತಿ.

ಹೊಂಟ ಮ್ಯಾಲೆ ಸೈಕಲ್ ತಾನ ಹೇಳತೈತಿ ಎಷ್ಟು ಬೇಕು ಅಂತ. ತಿರುವಿನಾಗ ಹಿಂದಿನ ಭಾಗ ಬಾಲ ಆಡಿಸಿದಂಗ ಆತು, ಹ್ಯಾಂಡಲ್ ಭಾರ ಆತು, ತಗ್ಗಿನಾಗ ರಿಮ್ ಠಣ್ ಅಂತು, ಟಯರ್ ಬಾಜೂಕ ಸಣ್ಣ ಸಣ್ಣ ಸೀಳು ಕಾಣಾಕ ಹತ್ತಿದ್ವು, ಇವೆಲ್ಲಾ ಕಮ್ಮಿ ಹವಾದ ಲಕ್ಷಣ. ಒಂದನ್ನ ದಿನಾ ನೋಡ್ರಿ, ವಾಲ್ವ್ ನೆಟ್ಟಗ ನಿಂತೈತೋ ಒಂದು ಕಡೆ ವಾಲೇತೋ. ಹವಾ ಕಮ್ಮಿ ಇದ್ದು ಭಾರ ಭಾಳ ಇದ್ರ ಟಯರ್, ಟ್ಯೂಬ್ ಎರಡೂ ರಿಮ್ಮಿನ ಮ್ಯಾಲೆ ಸರಕೋತ ಹೋಗತಾವ, ವಾಲ್ವ್ ವಾಲತೈತಿ, ಕಡೀಕ ಬುಡಕ್ಕ ಹರೀತೈತಿ, ಆ ಹರದದ್ದಕ್ಕ ಪ್ಯಾಚ್ ಹತ್ತಂಗಿಲ್ಲ. ಜಾಸ್ತಿ ಆಗಿದ್ರ ಸಣ್ಣ ಖಡಿ ಮ್ಯಾಲೂ ಸೈಕಲ್ ಜಿಗೀತೈತಿ, ಮಣ್ಣಿನ ರೋಡಿನಾಗ ಹಿಂದಿನ ಗಾಲಿ ಜಾರತೈತಿ, ಕೈ ಜೋಮು ಹಿಡಿತಾವ.

ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿನಾಗ ಗೋವಾ ಕಡೆ ಇಳಿಯೋರಿಗೆ ಒಂದು ಮಾತು. ಇಳಿಜಾರಿನಾಗ ಬ್ರೇಕ್ ಹಿಡದಾಗ ಭಾರ ಎಲ್ಲಾ ಮುಂದಿನ ಗಾಲಿಗೆ ಬರತೈತಿ, ಅದಕ್ಕ ಅಲ್ಲಿ ಹೊಂಟಾಗ ಮುಂದಿನ ಟಯರಿಗೆ ಐದು ಪಿಎಸ್‌ಐ ಹೆಚ್ಚ ಇರಲಿ. ಡಿಸ್ಕ್ ಬ್ರೇಕ್ ಇಲ್ಲದ, ರಿಮ್ಮನ್ನ ಹಿಡಿಯೋ ಬ್ರೇಕ್ ಇದ್ರ ರಿಮ್ಮ ಕಾಯತೈತಿ, ಒಂದ ಸವನ ಬ್ರೇಕ್ ಹಿಡಕೊಂಡು ಇಳಿಯಬ್ಯಾಡ್ರಿ, ಜೋರಾಗಿ ಹಿಡದು ಸ್ಪೀಡ್ ಕಮ್ಮಿ ಮಾಡಿ ಬಿಡ್ರಿ, ನಡುವ ನಿಂತು ಆರಿಸ್ರಿ. ಮಳಿಗಾಲದಾಗ ಆ ಕಡೆ ಹೊಂಟ್ರ ಎರಡೂ ಗಾಲಿಗೆ ನಾಲ್ಕೈದು ಪಿಎಸ್‌ಐ ಇಳಿಸಿದ್ರ ಹಿಡಿತ ಚೊಲೋ ಸಿಗತೈತಿ, ಆವಾಗ ಮುಂದಿನದಕ್ಕ ಮ್ಯಾಲೆ ಹೇಳಿದ ಐದು ಏರಸೂದ ಬ್ಯಾಡ. ಎರಿ ಮಣ್ಣಿನ ಹಾದ್ಯಾಗ ಮಳಿ ಬಿದ್ರ ಯಾವ ಹವಾನೂ ಕೆಲಸ ಮಾಡಂಗಿಲ್ಲ, ಮಣ್ಣು ಮಡ್‌ಗಾರ್ಡಿನಾಗ ತುಂಬಿ ಗಾಲಿನ ತಿರುಗಂಗಿಲ್ಲ, ಡಾಂಬರ್ ರೋಡ್ ಹಿಡೀರಿ.

ಇನ್ನ ಒಂದ ಉಳೀತು. ಬಾದಾಮಿ ಒಳಗ ರೂಮ್ ಮಾಡಿ, ಬ್ಯಾಗ್ ಎಲ್ಲಾ ಅಲ್ಲೇ ಇಟ್ಟು, ಬರೇ ನೀರು ತಗೊಂಡು ಪಟ್ಟದಕಲ್ಲು, ಐಹೊಳೆ ನೋಡಿ ಬರೋಣು ಅಂತ ಹೊಂಟಾಗ ಹಿಂದಿನ ಗಾಲಿ ಮ್ಯಾಲಿನ ಭಾರ 70ರಿಂದ 47, 48 ಕಿಲೋಕ್ಕ ಇಳದಿರತೈತಿ. 37 ಟಯರಿಗೆ ಈಗ 50 ಪಿಎಸ್‌ಐ ಸಾಕು, 70 ಇಟ್ಗೊಂಡು ಹೋದ್ರ ಖಾಲಿ ಸೈಕಲ್ ಭಾಳ ಕುಣೀತೈತಿ. ಆದ್ರ ಮರದಿನ ಬ್ಯಾಗ್ ಕಟ್ಟೂ ಮುಂದ 20 ಪಿಎಸ್‌ಐ ಕೈ ಪಂಪಿಲೆ ಏರಿಸೋದೂ ಸಣ್ಣ ಕೆಲಸ ಅಲ್ಲ. ಎರಡು ಮೂರು ದಿನ ಅಲ್ಲೇ ತಿರುಗೋರು ಇದ್ರ 50ಕ್ಕ ಇಳಸ್ರಿ, ಒಂದ ದಿನದ ಮಾತಾದ್ರ 60ಕ್ಕ ನಿಲ್ಲಸ್ರಿ, ಮುಂದಿನ ಗಾಲಿ ಹಂಗ ಇರಲಿ, ಅದರ ಮ್ಯಾಲಿನ ಭಾರ ಭಾಳ ಬದಲಾಗಿರಂಗಿಲ್ಲ.